ನಮ್ಮನೆ ದಾರಿಯ ಮೋರಿ ಪುರಾಣ

ಇಲ್ಲಿ ಏನೂ ಬರೆಯದೆ ತಿಂಗಳುಗಳೇ ಆದವು. ಕೆಲಸ, ರಿಲೀಸು, ಸೋಮಾರಿತನ... ಕಾರಣಗಳಿಗೇನು ಬರ? ಈಗಲೂ ಹೇಳಹೊರಟಿರುವುದು ಘನಂದಾರಿ ವಿಷಯವೇನಲ್ಲ, ಒಂದು ಮೋರಿಯ ಕತೆ. ಬೇಡವೆಂದವರು ಇಲ್ಲಿಂದಲೇ ಎದ್ದು ಹೋಗಬಹುದು :)

ನಮ್ಮೂರು ನಾವುಂದ. ಮರವಂತೆಯಲ್ಲಿ ಇಳಿದು ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ನದಿ ಅಂತ ಫೋಟೋ ಹೊಡೆದುಕೊಂಡು ಬೈಂದೂರಿನ ಕಡೆಗೆ ಹೊರಟರೆ ಆಮೇಲೆ ಸಿಗುವ ಊರು. ಆ ನದಿ ಸೌಪರ್ಣಿಕೆ. ಕೊಡಚಾದ್ರಿ ಬುಡದಿಂದ ಹೊರಟು ಕೊಲ್ಲೂರು ದಾಟಿ ಬಂದು, ಕಡಲು ಕೈಗೆಟಕುವಷ್ಟು ಹತ್ತಿರ ಬಂದ ಮೇಲೂ ಅದನ್ನು ಸೇರದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯವರೆಗೆ ಹೋಗುತ್ತದೆ. ನಮ್ಮ ಮನೆ ಮುಂದಿನ ತೋಡೂ ಗದ್ದೆಗಳ ನಡುವೆ ಸುತ್ತಿ ಸುತ್ತಿ ಕೊನೆಗೆ ಈ ಸೌಪರ್ಣಿಕೆಯನ್ನೇ ಸೇರುವುದು.

ನಾನು ತೀರಾ ಚಿಕ್ಕವನಿದ್ದಾಗ ಆ ತೋಡಿಗೆ ಇದ್ದದ್ದು ಅಡಿಕೆ ಮರದ ಕಾಲುಸಂಕ. ಮಳೆಗಾಲದಲ್ಲಿ ಅಮ್ಮ ನನ್ನ ರಟ್ಟೆ ಹಿಡಿದು ದಾಟಿಸುತ್ತಿದ್ದಳು. 2022ರ ಆಗಸ್ಟಿನಲ್ಲಿ ನಮ್ಮ ತಾಲೂಕಿನ ಕಾಲ್ತೋಡಿನಲ್ಲಿ ಶಾಲೆ ಬಿಟ್ಟು ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹೋದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಅಮ್ಮನ ಆ ಹಿಡಿತ. ಹಾಗಾಗಿ 'ಸಂಕ ಎಷ್ಟು ಚೆಂದ ಇತ್ತು, ಹಳೇ ಕಾಲವೇ ಚೆಂದ' ಅಂತ ಬರೆಯಲು ನನ್ನಿಂದಾಗದು.

2004ರಲ್ಲಿ ಅಪ್ಪಯ್ಯ ಮನೆ ಕಟ್ಟಿಸಲು ಹೊರಟರು. ಮುರಕಲ್ಲಿನ ಲಾರಿ ಬರಬೇಕಿತ್ತು, ಸಂಕದ ಮೇಲೆ ಲಾರಿ ಬರುತ್ತದೆಯೇ? 600 ಮಿಲಿಮೀಟರ್ ವ್ಯಾಸದ ಎರಡು ಸಾಲು ಹ್ಯೂಮ್ ಪೈಪ್ ಇಟ್ಟು, ಮೇಲೆ ಮಣ್ಣು ಸುರಿದು, ದಾರಿ ಮಾಡಿದರು. ನಾಲ್ಕು ಮನೆಗೆ ಅದೇ ದಾರಿಯಾಯಿತು. (ಹ್ಯೂಮ್ ಅನ್ನುವುದು ಒಬ್ಬ ಮನುಷ್ಯನ ಹೆಸರು ಅಂತ ನನಗೆ ಮೊನ್ನೆ ಮೊನ್ನೆಯಷ್ಟೇ ಗೊತ್ತಾದದ್ದು. ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್, ಅಚ್ಚನ್ನು ಗರಗರ ತಿರುಗಿಸಿ ಕಾಂಕ್ರೀಟ್ ಪೈಪ್ ಮಾಡುವ ಉಪಾಯವನ್ನು 1910ರಲ್ಲಿ ಕಂಡುಹಿಡಿದವನು.) ಬೇಸಿಗೆಯಲ್ಲಿ ಆ ಪೈಪಿನೊಳಗೆ ತೆವಳಿ ಈಚೆಯಿಂದ ಆಚೆಗೆ ಹೋಗುವುದು ನಮ್ಮ ಆಟ.

ಮುಂದಿನ ಮಳೆಗಾಲದಿಂದ ಎರಡು ಸಂಗತಿ ನಡೆದವು. ಒಂದು ಎಲ್ಲರಿಗೂ ಕಾಣಿಸಿತು, ಇನ್ನೊಂದು ಯಾರಿಗೂ ಕಾಣಲಿಲ್ಲ.

ಕಾಣಿಸಿದ್ದು ಮೇಲ್ಮನೆ ದೊಡ್ಡಮ್ಮನ ಗದ್ದೆ. ಜೋರು ಮಳೆ ಬಂದರೆ ಮೋರಿಯ ಮೇಲ್ಬದಿಯಲ್ಲಿ ನೀರು ನಿಲ್ಲತೊಡಗಿತು. ಒಂದು ತೆಂಗಿನ ಮಡಲು ಬಂದು ಪೈಪಿನ ಬಾಯಿಗೆ ಸಿಕ್ಕಿಕೊಂಡರಂತೂ ಕೇಳುವುದೇ ಬೇಡ. ನೆಟ್ಟ ಅಗೆ ನಾಲ್ಕೈದು ದಿನ ನೀರಿನಡಿ ಇದ್ದು ಕೊಳೆಯುತ್ತಿತ್ತು. ಕೆಲವು ವರ್ಷ ನೋಡಿ ದೊಡ್ಡಮ್ಮ ಆ ಗದ್ದೆಯನ್ನು ಹಡಿಲು ಬಿಟ್ಟರು. ಅಪ್ಪಯ್ಯನ ಹತ್ತಿರ ಒಂದು ಮಾತೂ ಆಡಲಿಲ್ಲ. ಅಪ್ಪಯ್ಯನೂ ಕೇಳಲಿಲ್ಲ. ಹಬ್ಬಕ್ಕೆ ಕಡುಬು ಎರಡೂ ಮನೆಯ ನಡುವೆ ಹೋಗಿ ಬರುತ್ತಿತ್ತು, ಗದ್ದೆಯ ಸುದ್ದಿ ಮಾತ್ರ ಹೋಗಿ ಬರಲಿಲ್ಲ.

ಕಾಣದ್ದು ಮೀನು. ಮೊದಲ ಮಳೆಗೆ ಹೊಳೆಯಿಂದ ಮೀನು ತೋಡು ಹಿಡಿದು ಗದ್ದೆಗೆ ಹತ್ತುತ್ತದಲ್ಲ, ಮಲೆನಾಡಿನವರು ಹತ್ತುಮೀನು ಅನ್ನುತ್ತಾರೆ, ಕೇರಳದಲ್ಲಿ ಊತ್ತ. ಮುಗುಡು ಮತ್ತು ಸಣ್ಣಪುಟ್ಟ ಮೀನುಗಳೆಲ್ಲ ನೀರು ನಿಂತ ಗದ್ದೆಯಲ್ಲಿ ಮೊಟ್ಟೆ ಇಡಲು ಹೊರಟಿರುತ್ತವೆ. ಹಾಗೆ ಹೊರಟ ಬಸುರಿ ಮೀನನ್ನು ದಾರಿಯಲ್ಲಿ ಅಡ್ಡಗಟ್ಟಿ ಹಿಡಿಯುವುದನ್ನು ಕೇರಳದ ಕಾನೂನು ನಿಷೇಧಿಸಿದೆ. ನಮ್ಮಲ್ಲಿ ಕತ್ತಿ, ಟಾರ್ಚು ಹಿಡಿದು ಹೋಗುವುದೇ ಸಂಭ್ರಮ. ಪೈಪ್ ಬಂದ ಮೇಲೆ ಆ ಸಂಭ್ರಮ ಮೋರಿಯ ಕೆಳಗೇ ನಿಂತುಹೋಯಿತು. ಮೊದಮೊದಲು ಭರ್ಜರಿ ಬೇಟೆ. ಮೀನೆಲ್ಲ ಅಲ್ಲೇ ಗುಂಪುಗಟ್ಟಿರುತ್ತಿದ್ದವು. ಆಮೇಲೆ ಅದೂ ಕಡಿಮೆಯಾಯಿತು. ಹೊಳೆಯಲ್ಲಿ ಮೀನು ಕಮ್ಮಿಯಾಗಿದೆ, ಗದ್ದೆಗೆ ಮದ್ದು ಹೊಡೆದು ಹೀಗಾಯ್ತು ಅಂತ ಊರಲ್ಲಿ ಮಾತು. ಅದೂ ಇರಬಹುದು. ಆದರೆ ಮೋರಿ ಯಾರ ಬಾಯಲ್ಲೂ ಬರಲಿಲ್ಲ.

ನನಗೆ ಅದು ಹೊಳೆದದ್ದು ಬೆಂಗಳೂರಿನಲ್ಲಿ ಕೂತು, ಅದೂ ಅಮೆರಿಕದ ಒಂದು ಕೇಸು ಓದುವಾಗ. ವಾಷಿಂಗ್ಟನ್ ರಾಜ್ಯದ ರಸ್ತೆಗಳ ಮೋರಿಗಳು ಸಾಲ್ಮನ್ ಮೀನು ಹತ್ತಲು ಬಿಡುತ್ತಿಲ್ಲ, 1850ರ ದಶಕದ ಒಪ್ಪಂದದಲ್ಲಿ ನಮಗೆ ಕೊಟ್ಟ ಮೀನಿನ ಹಕ್ಕು ಇದರಿಂದ ಹಾಳಾಯಿತು ಅಂತ ಅಲ್ಲಿನ ಮೂಲನಿವಾಸಿಗಳು ಕೋರ್ಟಿಗೆ ಹೋಗಿದ್ದರು. 2013ರಲ್ಲಿ ಮೋರಿ ಸರಿಮಾಡಿ ಅಂತ ಆದೇಶವಾಯಿತು. 2018ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 4-4 ಸಮವಾಗಿ, ಆದೇಶ ಹಾಗೇ ಉಳಿಯಿತು. ಅದರ ಜೊತೆಗಿದ್ದ ಫೋಟೋ ನೋಡಿ ದಂಗಾದೆ. ಪೈಪಿನಿಂದ ರಭಸವಾಗಿ ಬಿದ್ದ ನೀರು ಕೆಳಗೆ ಗುಂಡಿ ತೋಡಿದೆ, ಪೈಪಿನ ಬಾಯಿ ಗಾಳಿಯಲ್ಲಿ ನೇತಾಡುತ್ತಿದೆ. ಅಯ್ಯೋ, ಇದು ನಮ್ಮನೆ ಮೋರಿ! ನಮ್ಮದರ ಕೆಳಗೂ ಮೊಣಕಾಲುದ್ದದ ಜಿಗಿತ. ಮುಗುಡು ಮಳೆಯಲ್ಲಿ ನೆಲದ ಮೇಲೂ ತೆವಳೀತು, ಆದರೆ ಮೇಲಿಂದ ಬೀಳುವ ನೀರಿನ ವಿರುದ್ಧ ಅಷ್ಟೆತ್ತರ ಹಾರಲಾರದು.

ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಸಿವಿಲ್ ಓದಿದ ಗೆಳೆಯನಿಗೆ ಫೋನು ಹಚ್ಚಿದೆ. ಅವನು ಹೇಳಿಕೊಟ್ಟ ಲೆಕ್ಕ ಸುಲಭವೇ. ಮೇಲ್ಗಡೆಯಿಂದ ತೋಡಿಗೆ ನೀರು ಬರುವ ಜಾಗ ಸುಮಾರು 60 ಹೆಕ್ಟೇರ್. ಗಂಟೆಗೆ 80 ಮಿಲಿಮೀಟರ್ ಮಳೆ, ಅದರಲ್ಲಿ ನೂರಕ್ಕೆ 60 ಪಾಲು ಹರಿದು ಬಂತು ಅಂತಿಟ್ಟರೆ ಸೆಕೆಂಡಿಗೆ 8 ಘನಮೀಟರ್ ನೀರು. ಎರಡು ಪೈಪಿನ ಬಾಯಿ ಸೇರಿಸಿದರೆ 0.57 ಚದರ ಮೀಟರ್. ನೀರು ಸೆಕೆಂಡಿಗೆ ಎರಡೂವರೆ ಮೀಟರ್ ಓಡಿದರೂ ಒಂದೂವರೆ ಘನಮೀಟರ್ ದಾಟುವುದಿಲ್ಲ. ಐದರಲ್ಲಿ ಒಂದು ಪಾಲೂ ಇಲ್ಲ! ಉಳಿದದ್ದು ಎಲ್ಲಿಗೆ ಹೋಗಬೇಕು? ದೊಡ್ಡಮ್ಮನ ಗದ್ದೆಗೆ.

ಕಾಗದ ಹಿಡಿದು ಅಪ್ಪಯ್ಯನ ಮುಂದೆ ಕೂತೆ. ಕೇಳಿ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವತ್ತ್ ಮೇಸ್ತ್ರಿ ಮೂರ್ ಸಾಲ್ ಹಾಕುವ ಅಂದಿದ್ದ. ದುಡ್ಡ್ ಇರ್ಲಿಲ್ಲ ಮಗಾ, ಎರ್ಡ್ ಸಾಕ್ ಅಂದದ್ದ್ ನಾನೇ" ಅಂದರು. ಮೂರು ಹಾಕಿದ್ದರೂ ಸಾಲುತ್ತಿರಲಿಲ್ಲ ಅಂತ ಲೆಕ್ಕ ತೋರಿಸಿದೆ. ಅದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಪಂಚಾಯಿತಿ ರಸ್ತೆಯಲ್ಲವಲ್ಲ, ಖರ್ಚು ನಮ್ಮದೇ. ನಾಲ್ಕು ಮನೆಯವರೂ ಸೇರಿದೆವು, ದೊಡ್ಡ ಪಾಲು ನಮ್ಮದು. 2025ರ ಏಪ್ರಿಲ್ ಕೊನೆಗೆ ಪೈಪ್ ಅಗೆದು ತೆಗೆಸಿ ಬಾಕ್ಸ್ ಮೋರಿ ಶುರುವಾಯಿತು. ಒಳಗೆ 3 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ. ಮೇಸ್ತ್ರಿಗೂ ನನಗೂ ಜಗಳವಾದದ್ದು ತಳದ ವಿಷಯಕ್ಕೆ. ಅವರಿಗೆ ನುಣ್ಣಗಿನ ಕಾಂಕ್ರೀಟ್ ತಳ ಬೇಕು, ನೀರು ಸರಾಗ ಹೋಗುತ್ತದೆ ಅಂತ. ನನಗೆ ಆ ಸರಾಗವೇ ಬೇಡ. ತಳವನ್ನು ತೋಡಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಇಳಿಸಿ, ಮೇಲೆ ತೋಡಿನದೇ ಕಲ್ಲು, ಹೊಯ್ಗೆ ತುಂಬಿದರೆ ಮೀನಿಗೆ ಅದು ಮೋರಿ ಅಂತಲೇ ಗೊತ್ತಾಗಬಾರದು. "ಮೀನಿಗ್ ಮನೆ ಕಟ್ಟುದಾ ನೀವ್?" ಅಂತ ನಕ್ಕರು. ಆದರೂ ಮಾಡಿದರು. ಒಂದಡಿ ಹೋದರೂ ನೀರಿಗೆ 3.6 ಚದರ ಮೀಟರ್ ಉಳಿಯಿತು, ಲೆಕ್ಕಕ್ಕೆ ಬೇಕಾದ್ದು 3.2.

ಮೇ 18, ಭಾನುವಾರ ಮೇಲಿನ ಸ್ಲ್ಯಾಬು ಹಾಕಿದರು. ಸೆಂಟ್ರಿಂಗ್ 14 ದಿನ ಇರಲಿ ಅಂದಿದ್ದರು ಮೇಸ್ತ್ರಿ. ಮಳೆಗೆ ಇದು ತಿಳಿಯಬೇಕಲ್ಲ! ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ಮರುದಿನದೊಳಗೆ ನಮ್ಮ ಕಡೆಗೂ. ಒಳಗೆ ಕಾಡಿನಂತೆ ನಿಂತ ಊರುಗೋಲುಗಳು, ಬದಿಯ ತಾತ್ಕಾಲಿಕ ಕಾಲುವೆ ಕುಸಿಯುತ್ತಿದೆ, ನೀರು ಮತ್ತೆ ದೊಡ್ಡಮ್ಮನ ಗದ್ದೆಗೆ ಏರುತ್ತಿದೆ. ಗೆಳೆಯನಿಗೆ ಫೋನು. ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿಗೆ ಐಎಸ್ 456ರ ಪ್ರಕಾರ ಏಳು ದಿನ ಸಾಕು, ಸಿಮೆಂಟು ಒಪಿಸಿ ತಾನೇ, ತೆಗೆಯಿರಿ, ಮೇಲೆ ಗಾಡಿ ಮಾತ್ರ ಬಿಡಬೇಡಿ ಅಂದ. ಅಂದಿಗೆ ಸರಿಯಾಗಿ ಏಳನೇ ದಿನ. ಮೇಸ್ತ್ರಿ, ಅಪ್ಪಯ್ಯ, ನಾನು, ದೊಡ್ಡಮ್ಮನ ಮಗ ಸೊಂಟದುದ್ದ ನೀರಲ್ಲಿ ನಿಂತು ಒಂದೊಂದೇ ಕೋಲು ಎಳೆದು ತೆಗೆದೆವು. ಒಂದೊಂದು ಕೋಲು ಬಂದಾಗಲೂ ನಾನು ತಲೆ ಎತ್ತಿ ಸ್ಲ್ಯಾಬ್ ನೋಡುತ್ತಿದ್ದೆ. ಕೋಡ್ ಬರೆದು ಪ್ರೊಡಕ್ಷನ್‌ಗೆ ಬಿಡುವಾಗ ಇಷ್ಟು ಹೆದರಿದ್ದಿಲ್ಲ. ಅದು ತಲೆ ಮೇಲೆ ಬೀಳುವುದಿಲ್ಲವಲ್ಲ.

ಕತ್ತಲಾಗುವಷ್ಟರಲ್ಲಿ ಗದ್ದೆಯ ನೀರು ಇಳಿದಿತ್ತು. ಸೌಪರ್ಣಿಕೆಯೇ ಉಕ್ಕಿ ಹಿಂದೆ ಒತ್ತಿದರೆ ಯಾವ ಮೋರಿಯೂ ಏನೂ ಮಾಡದು. ನಮ್ಮೂರಿನ ಸಾಲ್ಬುಡಕ್ಕೆ ನೆರೆ ಬಂದಾಗ ದೋಣಿಯೇ ಗತಿ. ಅವತ್ತು ಅಷ್ಟಾಗಲಿಲ್ಲ.

ಮೂರನೇ ದಿನ ರಾತ್ರಿ, ನಾನು ಬೆಂಗಳೂರಿಗೆ ವಾಪಸಾಗಿದ್ದೆ, ಅಪ್ಪಯ್ಯನ ಫೋನು. ಹಿಂದೆ ಮಳೆಯ ಸದ್ದು.

"ಹ್ವಾಯ್, ಮುಗ್ಡ್ ಹತ್ತಿತ್! ಮೂರ್ ಕಂಡೆ."

"ಹಿಡಿದ್ರಾ?"

"ನಾನ್ ಹಿಡೀಲಿಲ್ಲ. ದೊಡ್ಡಮ್ಮನ ಮಗ ಒಂದ್ ಕಡ್ದ." ಸ್ವಲ್ಪ ಸುಮ್ಮನಿದ್ದು, "ಎರ್ಡ್ ಹೋದೊ, ಅವ್ರ ಗದ್ದಿಗೇ" ಅಂದರು.

ಗದ್ದೆಗೆ ಈ ಸಲ ಅಗೆ ಹಾಕುತ್ತಾರಾ ಅಂತ ಕೇಳಿದೆ. ಅಪ್ಪಯ್ಯ ಆಗಲೇ ದೊಡ್ಡಮ್ಮನ ಹತ್ತಿರ ಕೇಳಿ ಬಂದಿದ್ದರಂತೆ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ. "ಒಂದ್ ಮಳೆಗಾಲ ಹೋಯ್ಲಿ, ಬಪ್ಪ ವರ್ಷ ಕಾಂಬ" ಅಂದರಂತೆ ದೊಡ್ಡಮ್ಮ.