ಚೆಟ್ಟಳ್ಳಿಯ ಹಾದಿಯ ಬಳ್ಳಿ

ಕೊಡಗಿನ ಚೆಟ್ಟಳ್ಳಿಯ ಹಾದಿಯಲ್ಲಿ ಮನೆಯಂಗಳದ ಚಪ್ಪರಕ್ಕೆ ಹಬ್ಬಿದ ಪ್ಯಾಶನ್ ಫ್ರೂಟ್ ಬಳ್ಳಿಯನ್ನು ಕಂಡು ನಾವು ಹರ್ಷಿಸಿದೆವು. ನೇರಳೆ, ಹಳದಿ ಬಗೆಗಳನ್ನು ಸಂಕರಿಸಿ ‘ಕಾವೇರಿ’ ತಳಿಯನ್ನು ರೂಪಿಸಿದ್ದು ಇಲ್ಲಿಯ ತೋಟಗಾರಿಕಾ ಪ್ರಯೋಗ ಕೇಂದ್ರವೇ. ನೇರಳೆ ಹಣ್ಣಿನ ಬಳ್ಳಿ ಒಂಟಿಯಾಗಿದ್ದರೂ ಫಲಿಸುತ್ತದೆ. ಹಳದಿಯದರ ರೀತಿಯೇ ಬೇರೆ: ಹೂವು ನಡುಹಗಲಿಗೆ ಅರಳುತ್ತದೆ, ತನ್ನ ಪರಾಗ ತನಗೊಲ್ಲದು. ಬೇರೆ ಬಳ್ಳಿಯ ಪರಾಗವನ್ನು ಹೊತ್ತು ತರಲು ಮರ ಕೊರೆಯುವ ದಪ್ಪ ಕರಿದುಂಬಿಯೇ ಬೇಕು. ಪುಟ್ಟ ಜೇನ್ನೊಣದಿಂದ ಆ ಕೆಲಸ ಸರಿಯಾಗಿ ಸಾಗದು. ಜಂತೆ ಕೊರೆಯಿತೆಂದು ಸಿಟ್ಟಾಗಿ ದುಂಬಿಗೆ ವಿಷ ಸಿಂಪಡಿಸಿದರೆ ಚಪ್ಪರದ ತುಂಬ ಹೂವಿದ್ದರೂ ಹಣ್ಣು ಕಚ್ಚುವುದಿಲ್ಲ. ಅದರ ಬದಲು ಬಳ್ಳಿಯ ಸಮೀಪ ಒಣಗಿದ ಮೆದುಮರದ ತುಂಡೊಂದನ್ನಿಡುವುದು ಲೇಸು. ದುಂಬಿ ಅಲ್ಲಿಯೇ ಗೂಡು ಮಾಡೀತು. ಮಾಗಿದ ಹಣ್ಣು ತಾನಾಗಿ ಉದುರುತ್ತದೆ. ತಿರುಳಿಗೆ ಬೆಲ್ಲ, ನೀರು ಬೆರೆಸಿದರೆ ಸೊಗಸಾದ ಪಾನಕ!