ನ್ಯೂರೆಂಬರ್ಗಿನ ಆಟಿಕೆ ಮೇಳದಿಂದ

ನ್ಯೂರೆಂಬರ್ಗ್, ಜರ್ಮನಿ
ಫೆಬ್ರವರಿ ಮೊದಲ ವಾರ

ಪ್ರೀತಿಯ ತಮ್ಮನಿಗೆ,

ಇಲ್ಲಿ ಮೈ ಕೊರೆಯುವ ಚಳಿ. ಊರ ನಡುವೆ ಯು1 ಮೆಟ್ರೋ ಹತ್ತಿ ಮೆಸ್ಸೆ ನಿಲ್ದಾಣದಲ್ಲಿ ಇಳಿದರೆ ಮೇಳದ ಬಾಗಿಲು ಎದುರಿಗೇ ಇದೆ. ಬೊಂಬೆ ಮಾಡುವವರಿಗೆ ಈ ಊರು ಶತಮಾನಗಳಿಂದ ಹೆಸರುವಾಸಿ. ಸ್ಪೀಲ್‌ವಾರೆನ್‌ಮೆಸ್ಸೆ ಎಂಬ ಈ ಮೇಳ ಶುರುವಾಗಿದ್ದು 1950ರಲ್ಲಿ. ಬರುವವರೆಲ್ಲ ವ್ಯಾಪಾರಿಗಳು, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಮುಂದಿನ ವರ್ಷ ನಮ್ಮ ಚನ್ನಪಟ್ಟಣದ ಬೊಂಬೆ ತಯಾರಕರ ಸಂಘದ ಪರವಾಗಿ ನೀನೇ ಮಳಿಗೆಯಲ್ಲಿ ನಿಲ್ಲುವ ಮಾತು ನಡೆದಿದೆಯಲ್ಲ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮರದ ಆಟಿಕೆಗಳ ಸಾಲಿನಲ್ಲಿ ನಮ್ಮ ದೇಶದ್ದೊಂದು ಪುಟ್ಟ ಮಳಿಗೆ. ಅದರಲ್ಲಿ ಇಬ್ಬರೇ: ಲೇತಿನ ಮುಂದೆ ಆಯುಷ್ಯ ಸವೆಸಿದ ಕುಶಲಕರ್ಮಿ, ಇಂಗ್ಲಿಷ್ ಬಲ್ಲ ಅವರ ಮಗಳು. ಬೆಳಿಗ್ಗೆ ಮೇಳ ತೆರೆಯುವ ಹೊತ್ತಿಗೆ ಬೊಂಬೆಗಳ ದೂಳು ಒರೆಸಿ, ಖಾಲಿ ಡಬ್ಬಗಳನ್ನು ಮರೆಗೆ ಸರಿಸಿ, ಇಬ್ಬರೂ ಸಿದ್ಧವಾಗಿರುತ್ತಾರೆ. ಮೇಜನ್ನು ದಾರಿಗೆ ಅಡ್ಡ ಹಾಕಿಲ್ಲ, ಪಕ್ಕಕ್ಕೆ ಸರಿಸಿದ್ದಾರೆ. ಬಂದವರು ಒಳಗೆ ಕಾಲಿಟ್ಟು ಬೊಂಬೆಯನ್ನು ಕೈಗೆತ್ತಿಕೊಳ್ಳಬಹುದು. ಹೆಸರಿನ ಬಿಲ್ಲೆಯನ್ನು ಎದೆಯ ಬಲಗಡೆ ಹಾಕಿಕೊಂಡಿದ್ದಾರೆ. ಕೈಕುಲುಕುವವರ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ.

ಎರಡು ಮಳಿಗೆ ಆಚೆ ಇನ್ನೊಂದು ಕಂಪನಿಯವರು. ಸರಕು ಚೆನ್ನಾಗಿದೆ, ದೀಪಗಳ ಅಲಂಕಾರವೂ ಭರ್ಜರಿ. ಆದರೆ ನಾಲ್ಕು ಹುಡುಗರು ಕುರ್ಚಿಯಲ್ಲಿ ಕೂತು, ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದರು. ಗ್ರಾಹಕರು ಅರೆಕ್ಷಣ ನಿಂತು ಮುಂದಕ್ಕೆ ಹೋಗಿಬಿಡುತ್ತಿದ್ದರು.

ಕುಶಲಕರ್ಮಿಯ ಮಗಳು ಯಾರ ಮೇಲೂ ಮುಗಿಬೀಳುವುದಿಲ್ಲ. ಬಂದವರು ಒಂದು ಬೊಂಬೆ ಎತ್ತಿ ತಿರುಗಿಸಿ ನೋಡುವ ತನಕ ಕಾಯುತ್ತಾಳೆ. ಆಮೇಲೆ ಅವಳ ಮೊದಲ ಪ್ರಶ್ನೆ, ‘ನಿಮ್ಮದು ಯಾವ ಬಗೆಯ ಅಂಗಡಿ?’ ಶಿಶುವಿಹಾರಕ್ಕೆ ಸಾಮಾನು ಒದಗಿಸುವವರಿಗೆ ಬೇಕಾದದ್ದೇ ಬೇರೆ, ಉಡುಗೊರೆ ಅಂಗಡಿಯವರಿಗೆ ಬೇಕಾದದ್ದೇ ಬೇರೆ. ಅದು ತಿಳಿಯದೆ ಬೆಲೆ ಹೇಳಿ ಪ್ರಯೋಜನವಿಲ್ಲ.

ನಿನ್ನೆ ನೆದರ್‌ಲೆಂಡ್ಸಿನ ಖರೀದಿದಾರರೊಬ್ಬರು ಬಂದರು. ಎಲ್ಲಕ್ಕಿಂತ ಸಣ್ಣ ಬೊಂಬೆಯನ್ನು ಆರಿಸಿಕೊಂಡು, ಚೀಲದಿಂದ ಪಾರದರ್ಶಕ ಕೊಳವೆಯೊಂದನ್ನು ತೆಗೆದರು. ಅದರ ಬಾಯಿಯ ಅಗಲ 31.7 ಮಿಲಿಮೀಟರ್. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವುದೇ ತುಂಡು ಅದರೊಳಗೆ ಪೂರ್ತಿ ಮುಳುಗಬಾರದು. ಮುಳುಗಿದರೆ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಬೊಂಬೆಯನ್ನು ಬಿಟ್ಟರು. ತಲೆ ಹೊರಗೇ ನಿಂತಿತು. ಅಪ್ಪ ಮಗಳು ಊರಿನಲ್ಲೇ ಪ್ರತಿಯೊಂದು ತುಂಡನ್ನೂ ಹೀಗೆ ಅಳೆದು ನೋಡಿ ತಂದಿದ್ದರು. ಮುಂದಿನ ಪ್ರಶ್ನೆ ಬಣ್ಣದ್ದು: ಸೀಸದಂಥ ಲೋಹ ಇಲ್ಲವೆನ್ನಲು ಆಧಾರವೇನು? ಯುರೋಪಿನ ಆಟಿಕೆ ಸುರಕ್ಷತಾ ಮಾನದಂಡವಾದ ಇಎನ್ 71ರ ಮೂರನೆಯ ಭಾಗದ ಪ್ರಯೋಗಾಲಯ ವರದಿ ಕಡತದ ಮೇಲೇ ಇತ್ತು. ಆಗ ಅಪ್ಪ ಮುಂದೆ ಬಂದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಶಾಖಕ್ಕೆ ಬಣ್ಣ ಕರಗಿ ಹತ್ತುವ ಬಗೆಯನ್ನೂ, ತಾಳೆಗರಿಯಿಂದ ಉಜ್ಜಿ ಹೊಳಪು ತರುವುದನ್ನೂ ಕೈಯಲ್ಲೇ ಮಾಡಿ ತೋರಿಸಿದರು. ಮಗಳು ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಖರೀದಿದಾರರು ಕೊಳವೆಯನ್ನು ಚೀಲಕ್ಕೆ ಹಾಕಿ, ಕುರ್ಚಿ ಎಳೆದುಕೊಂಡು ಕೂತರು. ಮಾತು ಅಲ್ಲಿಂದ ವ್ಯಾಪಾರಕ್ಕೆ ತಿರುಗಿತು.

ನಮ್ಮವರು ಎಡವಬಹುದಾದದ್ದು ಈ ಸುರಕ್ಷತಾ ಪರೀಕ್ಷೆಯಲ್ಲೇ. ಭಾರತದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರಿಗೂ ಭೌಗೋಳಿಕ ಸೂಚಕ ಪಡೆದ ಸರಕಿನ ಅಧಿಕೃತ ತಯಾರಕರಿಗೂ ವಿನಾಯಿತಿ ಇದೆ. ಆ ವಿನಾಯಿತಿ ಯುರೋಪಿನಲ್ಲಿ ನಡೆಯುವುದಿಲ್ಲ. ಯುರೋಪಿನ ನಿಯಮಗಳಿಗೆ ಒಪ್ಪುತ್ತದೆಂದು ಹೇಳುವ ಸಿಇ ಗುರುತಿಲ್ಲದ ಆಟಿಕೆ, ಎಷ್ಟೇ ಚೆಂದವಿರಲಿ, ಇಲ್ಲಿನ ಅಂಗಡಿಗೆ ಹೋಗುವಂತಿಲ್ಲ. ಆದ್ದರಿಂದ ಮೇಳದ ತಯಾರಿ ಬಣ್ಣದ ಕಡ್ಡಿ ಮಾಡುವಾಗಲೇ ಶುರುವಾಗಬೇಕು, ವಿಮಾನದ ಟಿಕೆಟ್ ತೆಗೆಸುವಾಗಲ್ಲ.

ಮಾದರಿಗಳ ವಿಷಯ ಇನ್ನೊಂದು. ಈ ಅಪ್ಪ ಮಗಳು, ಸುಂಕವಿಲ್ಲದೆ ಸರಕನ್ನು ತಾತ್ಕಾಲಿಕವಾಗಿ ತರಲು ಬಿಡುವ ಎಟಿಎ ಕಾರ್ನೆ ಪತ್ರದ ಮೇಲೆ ಬೊಂಬೆಗಳನ್ನು ತಂದಿದ್ದಾರೆ. ನಮ್ಮಲ್ಲಿ ಅದನ್ನು ಕೊಡುವುದು ವಾಣಿಜ್ಯೋದ್ಯಮ ಒಕ್ಕೂಟವಾದ ಫಿಕ್ಕಿ. ಅವಧಿ ಒಂದು ವರ್ಷದ ತನಕ. ಪಟ್ಟಿಯಲ್ಲಿರುವ ಪ್ರತಿಯೊಂದೂ ವಾಪಸ್ ಹೋಗಬೇಕು, ಇಲ್ಲವಾದರೆ ಸುಂಕ ಕಟ್ಟಬೇಕು. ಒಬ್ಬರು ಮೊಮ್ಮಗಳಿಗೆಂದು ಆನೆಯನ್ನು ದುಡ್ಡು ಕೊಟ್ಟು ಕೇಳಿದಾಗ ಅಪ್ಪ ಕೈಮುಗಿದು, ‘ಇದು ಮಾರುವುದಕ್ಕಲ್ಲ’ ಎಂದರು. ಮಗಳು ಕಾರಣವನ್ನೂ ಹೇಳಿದ್ದರಿಂದ ಬಂದವರಿಗೆ ಬೇಸರವಾಗಲಿಲ್ಲ.

ಜನ ಹೋದ ತಕ್ಷಣ ಇಬ್ಬರೂ ಪುಸ್ತಕ ತೆಗೆಯುತ್ತಾರೆ. ವಿಸಿಟಿಂಗ್ ಕಾರ್ಡನ್ನು ಹಾಳೆಗೆ ಪಿನ್ ಮಾಡಿ, ಯಾವ ಬೊಂಬೆ ಹಿಡಿದಿದ್ದರು, ಎಷ್ಟು ಕೇಳಿದರು, ಯಾವ ತಿಂಗಳಿಗೆ ಬೇಕು ಎಂದು ಬರೆಯುತ್ತಾರೆ. ಕ್ರಿಸ್‌ಮಸ್ ಮಾರಾಟದ ಮಾತುಕತೆ ಇಲ್ಲಿ ಈಗಲೇ ಶುರು. ತಿಂಗಳಿಗೆ ಎಷ್ಟು ಕೊಡಬಲ್ಲೆವು ಎಂಬುದಕ್ಕೆ ಅಪ್ಪ ಲೇತುಗಳ ಲೆಕ್ಕ ಹಾಕಿಯೇ ಉತ್ತರಿಸುತ್ತಾರೆ, ಆಸೆಗೆ ಬಿದ್ದು ಒಪ್ಪಿಕೊಳ್ಳುವುದಿಲ್ಲ.

ಇಬ್ಬರೂ ಸರದಿಯಂತೆ ಹೊರಗೆ ಹೋಗಿ ಊಟ ಮಾಡುತ್ತಾರೆ. ಮಳಿಗೆಯೊಳಗೆ ಡಬ್ಬಿ ಬಿಚ್ಚುವುದಿಲ್ಲ. ಪಕ್ಕದವರ ಸರಕಿನ ಫೋಟೋವನ್ನು ಕೇಳದೆ ತೆಗೆಯುವುದಿಲ್ಲ. ಕೊನೆಯ ದಿನ ಮುಚ್ಚುವ ಹೊತ್ತಿಗೆ ಮುಂಚೆ ಪೆಟ್ಟಿಗೆ ಕಟ್ಟುವುದೂ ಇಲ್ಲ. ತಡವಾಗಿ ಬರುವ ಖರೀದಿದಾರರಿಗೂ ಮಳಿಗೆ ತೆರೆದಿರಬೇಕಲ್ಲ.

ನೀನು ಬರುವಾಗ ಕೆಲಸ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡೇ ಬಾ. ಇಂಗ್ಲಿಷ್ ಬಾರದೆಂದು ಅವರನ್ನು ಮನೆಯಲ್ಲಿ ಬಿಟ್ಟು ಬರಬೇಡ. ಬಣ್ಣದ ಮಾದರಿಗಳನ್ನು ಯುಗಾದಿಗೆ ಮುಂಚೆಯೇ ಪ್ರಯೋಗಾಲಯಕ್ಕೆ ಕಳಿಸು. ಹೊಸ ಷೂ ಈಗಲೇ ಕೊಂಡು ಹಾಕಿ ನಡೆದಾಡು, ಇಲ್ಲಿ ದಿನವಿಡೀ ನಿಲ್ಲಬೇಕು. ಅಮ್ಮನಿಗೆ ನಮಸ್ಕಾರ ತಿಳಿಸು; ಬೆಂಗಳೂರಿಗೆ ಬಂದಿಳಿದ ಮೇಲೆ ಫೋನ್ ಮಾಡುತ್ತೇನೆ.

ಇಂತಿ,
ನಿನ್ನ ಅಕ್ಕ