ಎಡಗೈ ಗವಸಿಗಾಗಿ ಕೆಂಗೇರಿಗೆ

ರಾಜಾಜಿನಗರದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಬಿಸ್ಕತ್ತು ಡಬ್ಬವಿದೆ. ಕಳೆದ ಡಿಸೆಂಬರಿನಲ್ಲಿ ಅದನ್ನು ಕೆಳಗಿಳಿಸಿ ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಮೂರು ವಸ್ತುಗಳು ಸಿಕ್ಕವು. ಒಂದು ಕ್ರೋಷಾ ಕಡ್ಡಿ, ಅರ್ಧ ಉಂಡೆ ಕೆಂಪು ಉಲ್ಲನ್ ದಾರ, ಬಲಗೈಯ ಒಂದೇ ಒಂದು ಕೈಗವಸು. ಎಡಗೈಯದು ಕಳೆದುಹೋಗಿರಲಿಲ್ಲ, ಅಮ್ಮ ಅದನ್ನು ಹೆಣೆದೇ ಇರಲಿಲ್ಲ.

ಅದು ನನಗೆಂದೇ ಹಾಕಿದ ಗವಸು. ಬೆಳಗಿನ ಚಳಿಯಲ್ಲಿ ಸ್ಕೂಟರಿನ ಮೇಲೆ ಶಾಲೆಗೆ ಹೋಗುವ ಮಗನ ಕೈ ಮರಗಟ್ಟುತ್ತದೆಂದು ಅಮ್ಮ ತಮ್ಮ ಕೊನೆಯ ಚಳಿಗಾಲದಲ್ಲಿ ಅದನ್ನು ಶುರು ಮಾಡಿದ್ದರು. ಬೆರಳ ಗಂಟುಗಳು ಹಿಡಿದುಕೊಂಡಿದ್ದವು. "ಅಂಗಡೀಲಿ ನೂರು ರೂಪಾಯಿಗೆ ಸಿಗುತ್ತಲ್ಲಮ್ಮ, ಯಾಕೆ ಕಷ್ಟಪಡ್ತೀಯ?" ಎಂದಿದ್ದೆ. "ಬಲಗೈದು ಆಯ್ತು, ಇನ್ನೊಂದೇ ತಾನೆ?" ಎಂದಿದ್ದರು. ಆ ಇನ್ನೊಂದು ಆಗಲಿಲ್ಲ.

ನಮ್ಮ ಮನೆಗೆ ಗವಸು ಹೊಸದಲ್ಲ. ಅಪ್ಪ ಬಿನ್ನಿ ಮಿಲ್ಲಿನಲ್ಲಿದ್ದರು. 1884ರಲ್ಲಿ ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಹೆಸರಿನಲ್ಲಿ ಹುಟ್ಟಿ, ಆಮೇಲೆ ಬಿನ್ನಿ ಕಂಪನಿಯ ಕೈಸೇರಿ, ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವಣ ಪ್ರದೇಶಕ್ಕೇ ಬಿನ್ನಿಪೇಟೆ ಎಂಬ ಹೆಸರು ತಂದ ಗಿರಣಿ ಅದು. ಕಾಕತಾಳೀಯವೆನ್ನಿ, ಅದೇ 1884ರ ಜನವರಿಯಲ್ಲಿ ಬೆಂಗಳೂರಿನ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು ದಾಖಲೆಯಾಯಿತು! ನನ್ನ ಬಾಲ್ಯದ ಚಳಿ ಅಷ್ಟಿರಲಿಲ್ಲ. ಆದರೂ ಬೆಳಗಿನ ಪಾಳಿಗೆ ಕತ್ತಲಲ್ಲೇ ಸೈಕಲ್ ತುಳಿದು ಹೋಗುವ ಅಪ್ಪನಿಗೆ ಹ್ಯಾಂಡಲ್ಲು ಹಿಮದ ಗಡ್ಡೆಯಂತಿರುತ್ತಿತ್ತು. ಉಣ್ಣೆ ಬಟ್ಟೆ ನೇಯುವ ಗಿರಣಿಯ ಕೆಲಸಗಾರನ ಕೈಗೆ ಬೆಚ್ಚನೆಯ ಗವಸು ಬಂದದ್ದು ಮಾತ್ರ ಮನೆಯ ಜಗುಲಿಯಿಂದ. ಈಗ ಆ ಗಿರಣಿಯಿಲ್ಲ. ಅದರ ನೆಲದ ಮೇಲೆ ಬಹುಮಹಡಿ ವಸತಿಗಳು ಎದ್ದಿವೆ.

ಎಡಗೈ ಗವಸನ್ನು ನಾನೇ ಹೆಣೆಯುತ್ತೇನೆಂದು ಹೊರಟೆ. ನನ್ನ ಹೆಂಡತಿಗೆ ಮಗುವಿನ ಕುಲಾವಿ ಹಾಕುವಷ್ಟು ಕ್ರೋಷಾ ಬರುತ್ತದೆ. ಎರಡು ವಾರ ಆಕೆಯೇ ಗುರು. ಸ್ವೆಟರ್ ಹೆಣೆಯಲು ಎರಡು ಕಡ್ಡಿ ಬೇಕು. ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೇ ಕುಳಿತಿರುತ್ತವೆ. ಕ್ರೋಷಾಕ್ಕೆ ಕೊಕ್ಕೆಯಿರುವ ಒಂದೇ ಕಡ್ಡಿ, ಅದರ ಮೇಲೆ ಸಾಮಾನ್ಯವಾಗಿ ಒಂದೇ ಜೀವಂತ ಕುಣಿಕೆ. ಕೊಕ್ಕೆಯಿಂದ ದಾರವನ್ನು ಎಳೆದು ಹಳೆಯ ಕುಣಿಕೆಯೊಳಗೆ ತೂರಿಸಿದರೆ ಹೊಸ ಕುಣಿಕೆ. ಇಷ್ಟೇ ಸೂತ್ರ! ಕ್ರೋಷಾ ಎಂಬ ಮಾತು ಬಂದದ್ದೂ ಕೊಕ್ಕೆ ಎಂಬರ್ಥದ ಫ್ರೆಂಚ್ ಪದದಿಂದಲೇ.

ಆದರೆ ಅಮ್ಮನ ಗವಸಿನ ಬೆನ್ನ ಮೇಲೆ ಕೆನೆಬಣ್ಣದ ನೆಲದಲ್ಲಿ ಕೆಂಪು ನಕ್ಷತ್ರವೊಂದಿದೆ. ನಾನು ಹೆಣೆದ ನಕ್ಷತ್ರ ಸಾಲುಸಾಲಿಗೂ ಸ್ವಲ್ಪ ಸ್ವಲ್ಪವೇ ಬಲಕ್ಕೆ ಜರುಗಿ, ಕೊನೆಗೆ ಗಾಳಿಗೆ ವಾಲಿದ ಅಡಿಕೆ ಮರದಂತಾಯಿತು. ಮೂರು ಸಲ ಬಿಚ್ಚಿ ಹಾಕಿದೆ. ಮೂರು ಸಲವೂ ವಾಲಿತು. ಅಮ್ಮನದು ಮಾತ್ರ ನೆಟ್ಟಗೆ ನಿಂತಿದೆ. ಅದು ಹೇಗೆ?

ಒಂದು ಭಾನುವಾರ ಬೆಳಿಗ್ಗೆ ಗವಸನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಹೊರಟೆ. ನವರಂಗ್ ದಾಟಿ ವೆಸ್ಟ್ ಆಫ್ ಕಾರ್ಡ್ ರಸ್ತೆಗೆ ಬಂದೆ. ವಿದ್ಯಾರ್ಥಿಗಳೇ, ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಸರಳರೇಖೆಗೆ ನೀವು ಜ್ಯಾ ಎನ್ನುತ್ತೀರಲ್ಲ, ಇಂಗ್ಲಿಷಿನ ಕಾರ್ಡ್ ಅದೇ. ತುಮಕೂರು ರಸ್ತೆಯ ಕಡೆಯಿಂದ ಮೈಸೂರು ರಸ್ತೆಯ ಕಡೆಗೆ ಊರಿನ ಪಶ್ಚಿಮದಲ್ಲಿ ಎಳೆದ ಈ ಜ್ಯಾದ ಮೇಲೆ ದಿನವೂ ಓಡಾಡುವ ನಾವು ಅದನ್ನು ನೆನೆಯುವುದೇ ಇಲ್ಲ.

ಬಸವೇಶ್ವರನಗರದಲ್ಲಿ ಅಮ್ಮನ ಹಳೆಯ ಗೆಳತಿಯೊಬ್ಬರಿದ್ದಾರೆ. ಎಂಬತ್ತು ದಾಟಿದವರು. ಅವರ ಮನೆಯ ಟೀವಿಯ ಮೇಲೆ ಇಂದಿಗೂ ಕ್ರೋಷಾ ಮುಸುಕು, ಬಾಗಿಲಿಗೆ ಕ್ರೋಷಾ ತೋರಣ. ಗವಸನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ನಿಮ್ಮಮ್ಮ ಯಾವತ್ತೂ ಬರೆದಿಟ್ಟುಕೊಂಡವಳಲ್ಲ ಮಗಾ. ಬೆಳಗ್ಗೆ ಬಾಗಿಲಿಗೆ ಹಾಕಿದ ರಂಗೋಲೀನೇ ಮಧ್ಯಾಹ್ನ ಗ್ಲೌಸಿಗೆ ಇಳಿಸೋಳು. ಇದು ಒಂಬತ್ತು ಚುಕ್ಕೀದು, ನೋಡು."

ನೋಡಿದೆ. ಹೌದು, ಚುಕ್ಕಿ ರಂಗೋಲಿ! ನಾನು ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸುವುದನ್ನು ಕಲಿಸುತ್ತಿದ್ದಾಗ, ಅಮ್ಮ ಗ್ರಾಫ್ ಹಾಳೆಯೇ ಇಲ್ಲದೆ ನೆಲದ ಚುಕ್ಕಿಗಳನ್ನು ಕುಣಿಕೆಗಳಾಗಿ ಎಣಿಸುತ್ತಿದ್ದರು. ವಾಲುವ ವಿಚಾರ ಕೇಳಿದೆ. "ಕೈ ಮರೆತಿದೆಯಪ್ಪ" ಎಂದು ನಿಟ್ಟುಸಿರುಬಿಟ್ಟು, ಕೆಂಗೇರಿ ಉಪನಗರದಲ್ಲಿ ಮನೆಯಲ್ಲೇ ಕ್ರೋಷಾ ಕಲಿಸುವ ಹೆಂಗಸೊಬ್ಬಳ ವಿಳಾಸ ಕೊಟ್ಟರು.

ದಾರಕ್ಕಾಗಿ ವಿಜಯನಗರದಲ್ಲಿ ಇಳಿದೆ. ಲೇಸು, ಗುಂಡಿ, ಜಿಪ್ಪು ಮಾರುವ ಅಂಗಡಿಯಲ್ಲಿ "ಉಲ್ಲನ್" ಕೇಳಿದರೆ ಬಣ್ಣಬಣ್ಣದ ಉಂಡೆಗಳನ್ನು ಸುರಿದರು. ನಾವು ಉಲ್ಲನ್ ಎಂದು ಕೊಳ್ಳುವುದರಲ್ಲಿ ಬಹುಪಾಲು ಉಣ್ಣೆಯಲ್ಲ, ಅಕ್ರಿಲಿಕ್. ಪರೀಕ್ಷೆ ಸುಲಭ. ದೊಡ್ಡವರ ಎದುರಿನಲ್ಲಿ, ಇಕ್ಕಳದಲ್ಲಿ ಹಿಡಿದು, ಒಂದು ಎಳೆಯನ್ನು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಏಕೆಂದರೆ ಕೂದಲೂ ಉಣ್ಣೆಯೂ ಕೆರಾಟಿನ್ ಎಂಬ ಒಂದೇ ಪ್ರೋಟೀನು. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಮ್ಮನ ಕೆಂಪು ದಾರದ ತುದಿ ಮಣಿಯಾಯಿತು. ಆದರೂ ಗವಸು ಬೆಚ್ಚಗಿದೆ. ಕಾರಣವಿಷ್ಟೆ, ಮುಖ್ಯವಾಗಿ ಬೆಚ್ಚಗಿಡುವುದು ಎಳೆಗಳ ನಡುವೆ ಸಿಕ್ಕಿಬಿದ್ದ ಅಲುಗಾಡದ ಗಾಳಿ. ಎರಡು ಉಂಡೆ ಕೆನೆಬಣ್ಣದ ದಾರ ಕೊಂಡು ಮೆಟ್ರೋ ಹತ್ತಿದೆ.

2015ರಲ್ಲಿ ಮೈಸೂರು ರಸ್ತೆಯವರೆಗೆ ಬಂದು ನಿಂತಿದ್ದ ನೇರಳೆ ಮಾರ್ಗ 2021ರ ಆಗಸ್ಟಿನಲ್ಲಿ ಕೆಂಗೇರಿ ಮುಟ್ಟಿತು. ನಾಯಂಡಹಳ್ಳಿ ದಾಟಿದ ಮೇಲೆ ಕಿಟಕಿಗೆ ಮುಖವಿಟ್ಟು ಕುಳಿತೆ. ಒಂದು ಕಾಲಕ್ಕೆ ತಿಳಿನೀರು ಹರಿಸಿದ ವೃಷಭಾವತಿ ಈಗ ಊರಿನ ಕೊಳೆಯನ್ನೆಲ್ಲ ಹೊತ್ತು ಮೈಸೂರು ರಸ್ತೆಯ ಜೊತೆಜೊತೆಗೇ ಸಾಗುತ್ತದೆ. ಇದೇ ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಯಂತ್ರದ ಮುಂದೆ ದುಡಿಯುತ್ತಾರೆ. ಆದರೆ ಕ್ರೋಷಾ ಹೆಣಿಗೆ ಮಾತ್ರ ಇಂದಿಗೂ ಕಾರ್ಖಾನೆಯ ಯಂತ್ರಕ್ಕೆ ಒಗ್ಗಿಲ್ಲ. ಕ್ರೋಷಾದಂತೆಯೇ ಕಾಣುವ ಯಂತ್ರದ ಬಟ್ಟೆ ಬೇರೆ ಬಗೆಯ ಹೆಣಿಗೆಯದು. 1840ರ ದಶಕದ ಭೀಕರ ಕ್ಷಾಮದಲ್ಲಿ ಐರ್ಲೆಂಡಿನ ಅನೇಕ ಬಡ ಕುಟುಂಬಗಳಿಗೆ ತುತ್ತು ಕೊಟ್ಟದ್ದು ಈ ಕೊಕ್ಕೆಯೇ. ನಮ್ಮ ನೆರೆಯ ಆಂಧ್ರದ ನರಸಾಪುರದ ಹೆಂಗಸರು ಹೆಣೆಯುವ ಕ್ರೋಷಾ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಕೆಂಗೇರಿ ಉಪನಗರದ ಆ ಮನೆಯ ಬಾಗಿಲು ತೆರೆದಾಕೆ ನನ್ನನ್ನೇ ನೋಡಿ ನಕ್ಕಳು.

"ನಮಸ್ಕಾರ ಸಾರ್. ಗುರುತು ಸಿಗಲಿಲ್ವಾ? ಒಂಬತ್ತನೇ ಕ್ಲಾಸಲ್ಲಿ ನನ್ನ ಕ್ರೋಷಾ ಕಡ್ಡಿ ಕಿತ್ತಿಟ್ಟುಕೊಂಡಿದ್ರಲ್ಲ, ನಾನೇ ಅವಳು."

ನೆನಪಾಯಿತು. ಬೆಳಕಿನ ಪ್ರತಿಫಲನದ ಪಾಠದಲ್ಲಿ ಹಿಂದಿನ ಬೆಂಚಿನ ಹುಡುಗಿ ಮೇಜಿನಡಿ ಏನೋ ಹೆಣೆಯುತ್ತಿದ್ದಳು. ಕಡ್ಡಿ ಕಿತ್ತುಕೊಂಡು, "ಇದರಿಂದ ಮಾರ್ಕು ಬರುತ್ತೇನಮ್ಮ?" ಎಂದು ಇಡೀ ತರಗತಿಯನ್ನು ನಗಿಸಿದ್ದೆ. "ವಾಪಸ್ಸು ಕೊಟ್ಟೆನೋ ಇಲ್ಲವೋ?" ಎಂದು ಕೇಳಿದೆ. "ಇಲ್ಲ ಸಾರ್" ಎಂದಳು ಕಾಫಿ ಲೋಟ ಮುಂದಿಡುತ್ತ. ಕಾಫಿ ನುಂಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಗವಸನ್ನು ಕೈಗೆ ಕೊಟ್ಟೆ. ಅರ್ಧ ನಿಮಿಷ ನೋಡಿದಳು. "ಸಾರ್, ನೀವು ಗಾಣದ ಎತ್ತಿನ ಹಾಗೆ ಒಂದೇ ದಿಕ್ಕಿಗೆ ಸುತ್ತಿದ್ದೀರಿ. ಅಮ್ಮ ಹಾಗೆ ಮಾಡಿಲ್ಲ. ಪ್ರತಿ ಸುತ್ತು ಮುಗಿದ ಮೇಲೆ ತಿರುಗಿಸಿ ಹಿಂದಕ್ಕೆ ಬಂದಿದ್ದಾರೆ. ನೋಡಿ, ಒಂದು ಸಾಲು ಮುಖ, ಒಂದು ಸಾಲು ಬೆನ್ನು."

ಭೂತಗನ್ನಡಿ ಹಿಡಿದು ನೋಡಿದೆ. ಅದೇ! ಪ್ರತಿ ಕುಣಿಕೆಯ ತಲೆ ತನ್ನ ಬುಡಕ್ಕಿಂತ ಒಂದಿಷ್ಟು ಪಕ್ಕಕ್ಕೆ ಕೂರುತ್ತದೆ. ಒಂದೇ ದಿಕ್ಕಿಗೆ ಹೆಣೆದರೆ ಆ ಚೂರುಚೂರು ವಾಲುವಿಕೆ ಕೂಡುತ್ತ ಹೋಗುತ್ತದೆ. ತಿರುಗಿಸಿ ಹೆಣೆದರೆ ಒಂದು ಸಾಲಿನ ವಾಲುವಿಕೆಯನ್ನು ಮುಂದಿನ ಸಾಲು ಕಳೆಯುತ್ತದೆ. ಧನ, ಋಣ, ಶೂನ್ಯ.

ಅಂದು ಆಕೆ ನನಗೆ ಇನ್ನೊಂದು ಪ್ರಶ್ನೆ ಹಾಕಿದಳು. ಕುಲಾವಿಯ ನೆತ್ತಿ ಚಪ್ಪಟೆಯಾಗಿ ಬರಬೇಕಾದರೆ ಮೊದಲ ಸುತ್ತಿಗೆ 6 ಕುಣಿಕೆ, ಆಮೇಲೆ 12, 18, 24, ಹೀಗೆ ಸುತ್ತಿಗೆ ಆರಾರು ಹೆಚ್ಚಿಸಬೇಕು. ಆರೇ ಏಕೆ? ನಾನು ತಡವರಿಸಿದೆ. ಉತ್ತರ ನಾನೇ ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವ ಸೂತ್ರದಲ್ಲಿತ್ತು. ತ್ರಿಜ್ಯ ಒಂದು ಸಾಲಿನಷ್ಟು ಬೆಳೆದರೆ ಪರಿಧಿ ಅದರ 2π ಪಟ್ಟು, ಎಂದರೆ ಸುಮಾರು 6.28 ಪಟ್ಟು ಬೆಳೆಯಬೇಕು. ಕುಣಿಕೆಯ ಅಗಲ ಎತ್ತರಗಳು ಹೆಚ್ಚುಕಡಿಮೆ ಸಮ, ಆದ್ದರಿಂದ ಆರು. ಕಡಿಮೆ ಹಾಕಿದರೆ ಬಟ್ಟಲಾಗುತ್ತದೆ, ಹೆಚ್ಚು ಹಾಕಿದರೆ ಅಂಚು ನೆರಿಗೆಗಟ್ಟುತ್ತದೆ. ಈ ನೆರಿಗೆಯನ್ನೇ ಹಿಡಿದು 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ತೈಮಿನ ಎಂಬ ಗಣಿತಜ್ಞೆ, ಯೂಕ್ಲಿಡ್ಡನ ನಿಯಮಕ್ಕೆ ಒಗ್ಗದ ಹೈಪರ್ಬೋಲಿಕ್ ಮೇಲ್ಮೈಯನ್ನು ವಿದ್ಯಾರ್ಥಿಗಳು ಮುಟ್ಟಿ ನೋಡುವಂತೆ ಕ್ರೋಷಾದಲ್ಲಿ ಹೆಣೆದು ತೋರಿಸಿದರು!

ಆರು ಭಾನುವಾರ ಕೆಂಗೇರಿಗೆ ಹೋದೆ. ಅಂಗೈ ಸುತ್ತಳತೆ 20 ಸೆಂಟಿಮೀಟರು. ಸೆಂಟಿಮೀಟರಿಗೆ ಎರಡರಂತೆ 40 ಕುಣಿಕೆ. ಅದನ್ನು ನಾಲ್ಕು ಬೆರಳಿಗೆ ಹಂಚಿದರೆ ತಲಾ ಹತ್ತೇ, ಬೆರಳು ತೂರದು. ಅದಕ್ಕೆ ಬೆರಳು ಬೆರಳಿನ ನಡುವೆ ಎರಡು ಕುಣಿಕೆಯ ಪುಟ್ಟ ಸೇತುವೆ ಕಟ್ಟಬೇಕು. ಒಂದೊಂದು ಸೇತುವೆಯೂ ಎರಡೂ ಪಕ್ಕದ ಬೆರಳಿಗೆ ಸಲ್ಲುವುದರಿಂದ ಮೂರು ಸೇತುವೆಗೆ 12 ಕುಣಿಕೆ ಲಾಭ. 12, 14, 14, 12. ಒಟ್ಟು 52. ಬೆರಳುಗಳು ಸಲೀಸಾಗಿ ಇಳಿದವು.

ಆರನೆಯ ಭಾನುವಾರ ಗವಸು ಮುಗಿಯಿತು. ನಕ್ಷತ್ರ ನೆಟ್ಟಗಿತ್ತು. ಹೆಮ್ಮೆಯಿಂದ ಎಡಗೈಗೆ ತೊಟ್ಟೆ. ನಕ್ಷತ್ರ ಅಂಗೈಗೆ ಬಂತು! ಅಮ್ಮನ ಗವಸನ್ನು ಮುಂದಿಟ್ಟುಕೊಂಡು ಕುಣಿಕೆಗೆ ಕುಣಿಕೆ ನಕಲು ಮಾಡಿದ ನಾನು ಇನ್ನೊಂದು ಬಲಗೈ ಗವಸನ್ನೇ ಹೆಣೆದಿದ್ದೆ. ಎಡಗೈ ಬಲಗೈಯ ನಕಲಲ್ಲ, ಕನ್ನಡಿಯ ಬಿಂಬ.

"ಕನ್ನಡಿ ಪಾಠ ಮಾಡಿದವರು ನೀವೇ ಸಾರ್" ಎಂದಳು. ಈ ಸಲ ನಗುವ ಸರದಿ ಅವಳದು. ನನಗೆ ಮಾತ್ರ ಎದೆ ಕುಸಿದಿತ್ತು. ಅಮ್ಮನ ಕೆಂಪು ದಾರ ಮುಗಿದಿತ್ತು.

ಆಕೆ ಗವಸನ್ನು ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ತಳ್ಳಿ, ಒಳಹೊರಗು ಮಾಡಿದಳು. ಒಳಹೊರಗಾದ ಬಲಗೈ ಗವಸು ಎಡಗೈಯದಾಗುತ್ತದೆ. ಒಂದೇ ದಿಕ್ಕಿಗೆ ಸುತ್ತಿ ಹೆಣೆದಿದ್ದರೆ ಒರಟು ಬೆನ್ನು ಹೊರಗೆ ಬಂದು ಬಣ್ಣಗೆಡುತ್ತಿತ್ತು. ಇದು ಅಮ್ಮನ ಕ್ರಮದಲ್ಲಿ ತಿರುಗಿಸಿ ಹೆಣೆದದ್ದು. ಬಿಡುವಿನ ಬಣ್ಣದ ದಾರವೂ ಕುಣಿಕೆಗಳ ಹೊಟ್ಟೆಯಲ್ಲೇ ಅಡಗಿತ್ತು. ಎರಡು ಮೈಯೂ ಹೆಚ್ಚುಕಡಿಮೆ ಒಂದೇ. ಹೊರಬಂದ ದಾರದ ತುದಿಗಳನ್ನು ಸೂಜಿಯಿಂದ ಒಳಕ್ಕೆ ಸೇರಿಸಿದೆವು, ಅಷ್ಟೆ.

ಮರುವಾರ ಮತ್ತೆ ವಿಜಯನಗರದ ಅಂಗಡಿಗೆ ಹೋಗಿ ಒಂದು ಕ್ರೋಷಾ ಕಡ್ಡಿ ಕೊಂಡೆ. ಬೆಳಗಿನ ಆರು ಗಂಟೆಯ ಚಳಿಯಲ್ಲಿ ಎರಡೂ ಗವಸು ತೊಟ್ಟು ಸ್ಕೂಟರಿನಲ್ಲೇ ಕೆಂಗೇರಿಗೆ ಹೊರಟೆ. ಬಲಗೈ ಅಮ್ಮನದು, ಎಡಗೈ ನನ್ನದು. ಕಡ್ಡಿಯನ್ನು ಕೈಗಿತ್ತು, "ತಡವಾಯಿತಮ್ಮ, ತಗೋ" ಎಂದೆ. ಆಕೆ ಅದರ ಕೊಕ್ಕೆಯನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿ, "ನಂದು ಎರಡೂವರೆ ನಂಬರು ಸಾರ್, ಇದು ಮೂರು. ಪರವಾಗಿಲ್ಲ, ಹೆಣೀಬಹುದು" ಎಂದಳು.